ಬೇಚಿರಾಕ್

ಬಾಗೇಪಲ್ಲಿ ತಾಲ್ಲೂಕು ಕಚೇರಿ, ರೆಕಾರ್ಡು ಕೋಣೆ.
ನೂರುಲ್ಲಾ ಸಾಹೇಬರು ಕಡತದ ದೂಳು ಒದರಿ
ನನ್ನ ಸೀರೆಗೆ ಬಿದ್ದದ್ದಕ್ಕೆ ಎರಡು ಸಲ ಕ್ಷಮೆ ಕೇಳಿದರು.
ಊರು ಸಿಕ್ಕಿತು, ಮೂರು ಹೆಸರಲ್ಲಿ:
ಒಂದು ಪುಟದಲ್ಲಿ ಚಿಂತಲಕುಂಟೆ, ಇನ್ನೊಂದರಲ್ಲಿ ಚಿಂತಲಗುಂಟ್ಲು,
ಸರ್ವೆಯವನ ಕೆಂಪು ಮಸಿಯಲ್ಲಿ ಬರೀ ಚಿಂತಕುಂಟ.
ನಮ್ಮಜ್ಜಿ ಪಿಳ್ಳಕ್ಕನ ಬಾಯಲ್ಲಿ ಸಿಂತ್ಲುಕುಂಟ.
ಅವಳದೇ ಸರಿ ಎಂದು ಮನಸ್ಸಲ್ಲೇ ತಿದ್ದಿದೆ.

ಮನೆಗಳ ಕಾಲಮ್ಮು: ನಲವತ್ತೊಂದು.
ಮುಂದಿನ ಗಣತಿಗೆ ಹದಿನಾರು.
ಆಮೇಲೆ ಸೊನ್ನೆಯೂ ಇಲ್ಲ, ಒಂದು ಪದ: ಬೇಚಿರಾಕ್.
'ಇದು ನಮ್ಮ ಮಾತಮ್ಮ,' ಸಾಹೇಬರು ಕನ್ನಡಕ ತೆಗೆದರು.
'ಬೇ ಅಂದ್ರೆ ಇಲ್ಲ. ಚಿರಾಗ್ ಅಂದ್ರೆ ದೀಪ.
ಜನ ಇಲ್ಲ ಅಂತ ಬರೆಯೋಕೆ ಕೈ ಬರದೆ
ಯಾವನೋ ದೀಪ ಇಲ್ಲ ಅಂತ ಬರೆದಿದ್ದಾನೆ.'
ಎಂದವರೇ ನಕಲಿಗೆ ಚಿಲ್ಲರೆ ಕೇಳಿದರು.

ವಾರ್ಡಿನಲ್ಲಿ ದಿನಕ್ಕೆ ಮೂವತ್ತು ಸಲ ಕೇಳುವವಳು ನಾನು:
ಹೆಸರು? ವಯಸ್ಸು? ಸ್ವಂತ ಊರು?
ಜ್ವರದಲ್ಲಿ ಬೇಯುವವರೂ ತಟಕ್ಕನೆ ಹೇಳುತ್ತಾರೆ.
ನನ್ನನ್ನು ಯಾರಾದರೂ ಕೇಳಿದರೆ ಮಾತ್ರ
ಒಂದು ಗುಟುಕು ನೀರು ಬೇಕಾಗುತ್ತಿತ್ತು.

ಆಟೋದವನು ಗೂಳೂರಿನಾಚೆ ಇಳಿಸಿ, ಮುಂದೆ ದಾರಿಯಿಲ್ಲ ಎಂದ.
ದಾರಿ ಇತ್ತು. ನೀಲಗಿರಿ ತೋಪಿನ ಒಳಗೆ,
ಒಣಗಿದ ಎಲೆ ಹಪ್ಪಳದ ಹಾಗೆ ಮುರಿಯುತ್ತ.
ಹುಣಸೆ ಮರ ಒಂದೂ ಇಲ್ಲ.
ಬಂಡೆಯ ಮೇಲೆ ಒರಳ ಗುಳಿಗಳು, ಏಳು,
ಅದರಲ್ಲೊಂದು ಚಿಕ್ಕದು, ಯಾವ ಹುಡುಗಿಗೋ ಕೊರೆದುಕೊಟ್ಟದ್ದು.
ಕೈ ಇಟ್ಟೆ. ಬಿಸಿಲಿಗೆ ಬೆಂದ ಕಲ್ಲು, ತಕ್ಷಣ ತೆಗೆದೆ.

ಕುಂಟೆಯ ಏರಿ ಅರ್ಧ ಕೊಚ್ಚಿಹೋಗಿದೆ.
ತೂಬಿನ ಎರಡು ಕಂಬ ಮಾತ್ರ ನಿಂತಿವೆ,
ಬಾಗಿಲಿಲ್ಲದ ಬಾಗಿಲವಾಡದ ಹಾಗೆ.
ಮುತ್ತಾತ ಗುರ್ರಪ್ಪ ಇಲ್ಲಿ ನೀರುಗಂಟಿ.
ಯಾರ ಗದ್ದೆಗೆ ಎಷ್ಟು ಗಳಿಗೆ ನೀರು, ಅವನ ಗುದ್ದಲಿಯ ಲೆಕ್ಕ.
ಆ ನೀರನ್ನು ಅವರ ಮನೆಯಲ್ಲಿ ಅವನು ಮುಟ್ಟುವಂತಿರಲಿಲ್ಲ.
ಪ್ಲೇಗಿಗೆ ಊರು ಖಾಲಿಯಾಯ್ತು ಅಂತ ಅಜ್ಜಿ,
ಹೆಣ ಹೊತ್ತು ಹೊತ್ತು ಅವನ ಹೆಗಲು ಕಂದಿತ್ತು ಅಂತ.
ನಾನು ಬೆಳೆದದ್ದು ಆ ಹೆಗಲ ಮೇಲೆ.

'ಎವುರಿ ಕೂತುರಮ್ಮಾ ನುವ್ವು?'
ಕುರಿಗಳ ಹಿಂದೆ ಒಬ್ಬ ಮುದುಕಿ, ಹಲ್ಲಿಗಿಂತ ಪ್ರಶ್ನೆ ಹೆಚ್ಚು.
ಹೇಳಿದೆ. ಕೋಲಿಗೆ ಗಲ್ಲ ಆನಿಸಿ ನಕ್ಕಳು, ನಕ್ಕಳು,
ಕುರಿಗಳೂ ತಿರುಗಿ ನೋಡಿದವು.
'ಗುರ್ರಪ್ಪ ಮನುಷ್ಯನಾ! ನಾನು ಬರೀ ಗಾದೆ ಅಂದುಕೊಂಡಿದ್ದೆ.'

ಅವಳ ಊರಲ್ಲಿ, ಗುಟ್ಟು ನಿಲ್ಲದ ಬಾಯಿಗೆ ಅನ್ನುತ್ತಾರಂತೆ:
ಗುರ್ರಪ್ಪನ ತೂಬು.
ಒಂದು ರಾತ್ರಿ ತೂಬೆತ್ತಿ ಕೆಳಗಿನ ಕೇರಿಯವರ
ಒಣಗುವ ಪೈರಿಗೆ ನೀರು ಬಿಟ್ಟನಂತೆ.
ಬೆಳಗಾಗುವುದರೊಳಗೆ ತಾನೇ ಎಲ್ಲರಿಗೂ ಹೇಳಿಬಿಟ್ಟನಂತೆ.
ಓಡಿಸಿದರಂತೆ. ಅವನ ಹಿಂದೆ ಆ ಕೇರಿ ಪೂರ್ತಿ ಎದ್ದಿತಂತೆ.
'ಪ್ಲೇಗು?' ಎಂದೆ.
'ಅದೂ ಇರಬಹುದು,' ಎಂದಳು, ಒಂದು ಮರಿಯ ಕಿವಿಯಿಂದ ಉಣ್ಣೆ ಕೀಳುತ್ತ.

ಕಂಬದ ನೆರಳಲ್ಲಿ ಕೂತು ಬುತ್ತಿ ಬಿಚ್ಚಿದೆ.
ಅವಳಿಗೂ ಕೊಟ್ಟೆ. ಜಾತಿ ಕೇಳಿ ಆಗಿತ್ತು,
ಕ್ಷಣ ಹೊತ್ತು ನೋಡಿದಳು, ತಿಂದಳು.
ಚಿತ್ರಾನ್ನಕ್ಕೆ ಉಪ್ಪು ಸಾಲದು ಎಂದಳು.

ಹೆಣ ಹೊತ್ತ ಹೆಗಲು ಬೇಕೋ ನನಗೆ,
ಬಾಯಿ ಕಟ್ಟದ ಈ ಕಳ್ಳ ಬೇಕೋ.
ದಾಖಲೆಗೆ ಇಬ್ಬರೂ ಗೊತ್ತಿಲ್ಲ.

ಅತ್ತೆಗೆ ಹೇಳಬಾರದು, ಎದೆ ಒಡೆದುಕೊಳ್ಳುತ್ತಾಳೆ.
ತಮ್ಮನಿಗಂತೂ ಬೇಡ, ಆಡಿಕೊಳ್ಳುತ್ತಾನೆ.
ನನ್ನಲ್ಲೇ ಇರಲಿ ಎಂದು ತುಟಿ ಬಿಗಿದು ಬಸ್ಸು ಹತ್ತಿದೆ.
ಪೇರೇಸಂದ್ರ ದಾಟುವಷ್ಟರಲ್ಲಿ
ಪಕ್ಕದ ಸೀಟಿನ ಹೂವಿನವಳಿಗೆ
ಎಲ್ಲ ಹೇಳಿ ಆಗಿತ್ತು.